ಬೋಟು ನಿಂತ ತಿಂಗಳು

ಜೂನ್ ಒಂದಕ್ಕೆ ಬೋಟು ನಿಂತಿತು. ಬೋಟಿಲ್ಲದೆ ಐಸಿಗೇನು ಕೆಲಸ?
ಕಂಪ್ರೆಸರ್ ಆರಿಸಿದ ಮೇಲೆ ಕೇಳಿಸಿತು
ಇಷ್ಟು ವರ್ಷ ಅದರ ಗದ್ದಲದಡಿ
ಈ ಲ್ಯಾಪ್‌ಟಾಪು ಬಿಡುತ್ತಿದ್ದ ಏದುಸಿರು.

ಮಲ್ಪೆಯಲ್ಲಿ ನಮ್ಮದು ಐಸ್ ಪ್ಲಾಂಟಿನ ಆಫೀಸು.
ಗೋಡೆಯಾಚೆ ಉಪ್ಪುನೀರಿನ ತೊಟ್ಟಿ, ಮೈನಸ್ ಹತ್ತು;
ಈಚೆ ಮೇಜಿನ ಮೇಲೆ ಕಾವಲಿಯ ಹಾಗೆ ಕಾದ ಯಂತ್ರ.
ಎಡಗಡೆಯ ಹಿಂಜು ಉಪ್ಪುಗಾಳಿ ತಿಂದು ಮುರಿದಿದೆ,
ಪರದೆಗೆ ಬೆನ್ನು ಕೊಟ್ಟದ್ದು ಒಂದು ಇಟ್ಟಿಗೆ.
ಮ ಒತ್ತಿದರೆ ಎರಡು ಮ ಬೀಳುತ್ತದೆ,
ಹಾಗಾಗಿ ನಮ್ಮ ಖಾತೆಯಲ್ಲಿ ಮೆಂಡನ್‌ಗಳೆಲ್ಲ
ಮಮೆಂಡನ್.

"ಬೂಟ್ ಆಗುವುದಿಲ್ಲ" ಎಂದೆ ಶೀನ ಕುಂದರರಿಗೆ.
"ಆಗಸ್ಟಿನವರೆಗೆ ಯಾವ ಬೋಟೂ ಇಲ್ಲ" ಎಂದರು.
ಕಂಪ್ರೆಸರಿನ ಪಕ್ಕ ಮೂವತ್ತು ವರ್ಷ ಕೂತ ಕಿವಿ.
ಬರೆದು ತೋರಿಸಿದೆ. "ಗುಜರಿಗೆ ಕೊಡು ಬೇಬಿ,
ಸೀಸನ್ ಶುರುವಾಗಲಿ, ಹೊಸತು ತೆಗೆಯುವ."
ಅವರ ಸೀಸನ್‌ಗಳನ್ನು ನಾನು ಎಣಿಸಿದ್ದೇನೆ.

ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡಿನ ಹಿಂದೆ ಅಫ್ವಾನ್
ಅಡಿಯ ಮುಚ್ಚಳ ಬಿಚ್ಚಿದ. ಫ್ಯಾನಿನ ಬಾಯಿಂದ ತೆಗೆದದ್ದು
ಬೂದು ಧೂಳಿನ ಉಂಡೆ, ಒಂದು ಸಿಗಡಿಮೀಸೆ.
"ಜೀವ ಉಂಟಕ್ಕ. ಹೊರೆ ಹೆಚ್ಚಾಗಿದೆ ಅಷ್ಟೇ.
ವಿಂಡೋಸ್ ಇಳಿಸಿ ಲಿನಕ್ಸ್ ಹಾಕುವ."
ಯಾವ ಲಿನಕ್ಸ್ ಎಂದರೆ ಅದೊಂದು ದಕ್ಕೆಯೇ—
ಮೈಗೆ ಮೈ ತಾಗಿ ನೂರು, ನೂರಕ್ಕೂ ಬೇರೆ ಬಣ್ಣ,
ನನ್ನದೇ ಗಟ್ಟಿ ಎನ್ನುವ ತಾಂಡೇಲ ಒಂದೊಂದಕ್ಕೆ ಒಬ್ಬ.

ಉಬುಂಟು ಎಂದ. ಹೆಸರಲ್ಲೇ 'ಉಂಟು' ಉಂಟಲ್ಲ,
ನಮ್ಮ ಕಡೆಯದ್ದೇ ಎಂದುಕೊಂಡೆ.
"ಎರಡು ಜಿಬಿಯಲ್ಲಿ ಅದು ಇಲ್ಲ ಅಕ್ಕ."
ಮಿಂಟ್ ಚಂದ, ಆದರೆ ಅದಕ್ಕೂ ಕೂರಲು ಜಾಗ ಬೇಕು.
ಪಪ್ಪಿ ಪೆನ್‌ಡ್ರೈವಿನಲ್ಲೇ ಮುದುಡಿ ಮಲಗುತ್ತದಂತೆ.
ಅಫ್ವಾನನ ತಮ್ಮ ಮೊಬೈಲಿನಿಂದ ತಲೆಯೆತ್ತದೆ ಹೇಳಿದ, "ಆರ್ಚ್."
ಅದರಲ್ಲಿ ಹಲಗೆ ಹಲಗೆ ನಾವೇ ಕೂಡಿಸಬೇಕಂತೆ.
ನನಗೆ ಐವತ್ತೆರಡು. ಕಟ್ಟಿದ ಬೋಟೇ ಇರಲಿ ಎಂದೆ.
"ಹಾಗಾದರೆ ಡೆಬಿಯನ್. ಅವಸರ ಇಲ್ಲ ಅದಕ್ಕೆ,
ಎರಡು ವರ್ಷಕ್ಕೊಮ್ಮೆ ಬಣ್ಣ ಬಳಿಸಿಕೊಳ್ಳುತ್ತದೆ."

ಎಫ್ ಹನ್ನೆರಡು ಒತ್ತಿದ. ಕಪ್ಪು.
ಆಮೇಲೆ ಬಿಳಿ ಅಕ್ಷರ, ಬಲೆ ಬಿಚ್ಚಿದಾಗ ಬೂತಾಯಿ ಸುರಿದ ಹಾಗೆ.
ಭಾಷೆ ಕೇಳಿತು, ಊರು ಕೇಳಿತು, ಗಂಟೆ ಕೇಳಿತು.
ಕೊನೆಗೆ: ಡಿಸ್ಕ್ ಪೂರ್ತಿ ಅಳಿಸಲೇ?
ಅಫ್ವಾನ್ ಕೈ ಎತ್ತಿದ. "ಬ್ಯಾಕಪ್ ಆಗಿದೆಯಲ್ಲ?"

ಆಗಿತ್ತು. ಹಿಂದಿನ ರಾತ್ರಿ ಕೂತು ತುಂಬಿಸಿದ್ದೆ:
ಕರೆಂಟು ಬಿಲ್ಲು, ಅಮೋನಿಯಾ ಸಿಲಿಂಡರು, ಹಾಜರಿ, ಉದ್ರಿ.
ಉದ್ರಿಯೊಳಗೆ ಸಾಧು ಪುತ್ರನದ್ದು ಒಂದು ಫೈಲು,
ಸಾವಿರದ ನೂರ ನಲವತ್ತು ಗಡ್ಡೆ ಐಸು.
ಆ ಐಸು ಕರಗಿ ಎಷ್ಟು ವರ್ಷವಾಯಿತು!
ಮರದ ಬೋಟು ಸೌದೆಗೆ ಹೋಯಿತು, ಎಂಜಿನ್ ಗುಜರಿಗೆ,
ಅವನೀಗ ಸಂತೆಕಟ್ಟೆಯ ಒಂದು ಫ್ಲ್ಯಾಟಿನ ಗೇಟಿನಲ್ಲಿ
ಬಂದ ಕಾರುಗಳ ನಂಬರು ಬರೆಯುತ್ತಾನೆ,
ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ.
ಪ್ರತಿ ಏಪ್ರಿಲಿಗೆ ಆ ಮೊತ್ತವನ್ನು ಮುಂದಿನ ವರ್ಷಕ್ಕೆ
ಎತ್ತಿ ಇಟ್ಟವಳು ನಾನು.
ಒಂದು ಫೈಲು ಪೆನ್‌ಡ್ರೈವಿಗೆ ಹತ್ತಲಿಲ್ಲ.
ಜಾಗ ಇಲ್ಲದೆ ಅಲ್ಲ.

"ಹೌದು" ಒತ್ತಿದೆ.

ವೈಫೈ ಹಿಡಿಯಲಿಲ್ಲ, ಅದಕ್ಕೆ ಎರಡು ದಿನ, ಮೂರು ಬಸ್ಸು.
ಹಳೆಯ ನುಡಿಯ ಫೈಲು ತೆರೆದರೆ ಅಕ್ಷರವೆಲ್ಲ
ತಲೆಗೆ ಚುಕ್ಕೆ ಹೊತ್ತ ಯಾವುದೋ ದೇಶದ್ದು.
ಜುಲೈ ಪೂರ್ತಿ ಪ್ರಿಂಟು ನೋಡಿ ಮತ್ತೆ ಕುಟ್ಟಿದೆ,
ಒಬ್ಬೊಬ್ಬ ಮೆಂಡನ್‌ನ ಹೆಚ್ಚಿನ ಮ ಅಳಿಸಿ.
ಫ್ಯಾನು ತಿರುಗುತ್ತಿದೆಯೋ ಇಲ್ಲವೋ
ಕೈಯಿಟ್ಟು ನೋಡಬೇಕಾಗುತ್ತಿತ್ತು.

ಕೊನೆಯ ವಾರ ಕುಂದರರು ಕನ್ನಡಕ ಏರಿಸಿ ಬಂದರು.
ಉದ್ರಿಯ ಪಟ್ಟಿಯ ಮೇಲೆ ಬೆರಳು ಇಳಿಯಿತು, ನಿಂತಿತು, ಮತ್ತೆ ಹತ್ತಿತು.
"ಸಾಧುವಿನದ್ದು ಎಲ್ಲಿ?"
"ಇದರಲ್ಲಿ ಅದು ತೆರೆಯುವುದಿಲ್ಲ" ಎಂದೆ,
ಕಿವಿಗೆ ಕೇಳುವಷ್ಟು ಗಟ್ಟಿಯಾಗಿ.
ಇಟ್ಟಿಗೆ ನೋಡಿದರು. ನನ್ನನ್ನು ನೋಡಿದರು.
"ಎಂತದಂತೆ ಇದರ ಹೆಸರು?"
"ಡೆಬಿಯನ್."
"ಪಾಪದ್ದು" ಎಂದರು,
ಕಂಪ್ರೆಸರಿನ ಬೆಲ್ಟು ನೋಡಲು ಒಳಗೆ ಹೋದರು.